ತಲಪಾಡಿಯ ಆಚೆ, ಕಡಲಿನ ಆಚೆ: ಆ್ಯಪ್ ಮೂಲಕ ಬಾಡಿಗೆ ವಾಹನ ಕರೆಯುವ ಕ್ರಮ

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕದಂತಹ ಪೇಟೆಗಳಲ್ಲಿ ಬಾಡಿಗೆ ವಾಹನ ಬೇಕಾದವರು ಫೋನಿನ ಪರದೆಯನ್ನು ನೋಡುವುದಿಲ್ಲ, ರಿಕ್ಷಾ ಸ್ಟ್ಯಾಂಡಿನತ್ತ ನೋಡುತ್ತಾರೆ. ಚಾಲಕರಿಗೆ ಮನೆಯ ದಾರಿ ಗೊತ್ತಿರುತ್ತದೆ, ಬಾಡಿಗೆ ಎಷ್ಟೆಂಬುದು ಇಬ್ಬರಿಗೂ ಗೊತ್ತಿರುತ್ತದೆ, ರಾತ್ರಿ ಹೊತ್ತು ಫೋನ್ ಮಾಡಿದರೂ ಬರುವ ಒಬ್ಬರಾದರೂ ಇರುತ್ತಾರೆ. ಈ ವ್ಯವಸ್ಥೆಯನ್ನು ಬಿಟ್ಟು ಆ್ಯಪ್ ಹಿಡಿಯಿರಿ ಎನ್ನುವುದು ಈ ಬರಹದ ಉದ್ದೇಶವಲ್ಲ. ಆದರೆ ಇದೇ ಊರಿನವರು ಆಸ್ಪತ್ರೆಗೆಂದು ಮಂಗಳೂರಿಗೆ, ಮಕ್ಕಳ ಮನೆಗೆಂದು ಬೆಂಗಳೂರಿಗೆ, ಕೆಲಸಕ್ಕೋ ಬಾಣಂತನಕ್ಕೋ ದುಬೈ, ದೋಹಾ, ಸಿಂಗಾಪುರಗಳಿಗೆ ಹೋಗಬೇಕಾಗುತ್ತದೆ. ಅಲ್ಲಿ ಪರಿಚಯದ ರಿಕ್ಷಾದವರಿಲ್ಲ. ಅಲ್ಲಿ ಆ್ಯಪ್ ಗೊತ್ತಿಲ್ಲದವರು ಒಂದೋ ಇನ್ನೊಬ್ಬರನ್ನು ಕಾಯಬೇಕು, ಇಲ್ಲವೇ ಕೇಳಿದಷ್ಟು ಕೊಡಬೇಕು.

ಇಂತಹ ಪ್ರಯಾಣಗಳಲ್ಲಿ ಎದುರಾಗುವ ತೊಂದರೆಗಳನ್ನು ಗಮನಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೆಚ್ಚಿನವು ವಾಹನದಲ್ಲಿ ಕುಳಿತ ಮೇಲೆ ಹುಟ್ಟುವುದಲ್ಲ. ಮನೆಯಲ್ಲೇ ಮುಗಿಸಬೇಕಾಗಿದ್ದ ಕೆಲಸವನ್ನು ರಸ್ತೆಬದಿಗೆ ಉಳಿಸಿಕೊಂಡದ್ದರಿಂದ ಹುಟ್ಟುತ್ತವೆ. ಆದುದರಿಂದ ಇಲ್ಲಿ ಪ್ರಯಾಣಕ್ಕಿಂತ ಅದರ ಮೊದಲಿನ ಸಿದ್ಧತೆಗೆ ಹೆಚ್ಚು ಜಾಗ ಕೊಡಲಾಗಿದೆ.

ಯಾವ ಆ್ಯಪ್ ಬೇಕು?

ಭಾರತದಲ್ಲಿ ಓಲಾ 2010ರಲ್ಲಿ ಆರಂಭವಾಯಿತು. ಉಬರ್ 2013ರಲ್ಲಿ ಬೆಂಗಳೂರಿನ ಮೂಲಕ ದೇಶದೊಳಗೆ ಬಂತು. ರ್‍ಯಾಪಿಡೊ 2015ರಲ್ಲಿ ಬೈಕ್ ಸೇವೆಯಿಂದ ತೊಡಗಿ ಈಗ ರಿಕ್ಷಾ ಮತ್ತು ಕಾರುಗಳನ್ನೂ ಒದಗಿಸುತ್ತದೆ. ಬೆಂಗಳೂರಿನ ರಿಕ್ಷಾ ಚಾಲಕರ ನಡುವೆ 2022ರಲ್ಲಿ ಬೆಳೆದ ನಮ್ಮ ಯಾತ್ರಿ ಬೇರೆ ಜಾತಿಯದು. ಪ್ರತಿ ಬಾಡಿಗೆಯಲ್ಲಿ ಪಾಲು ಕೇಳದೆ ಚಾಲಕರಿಂದ ಚಂದಾ ಮಾತ್ರ ಪಡೆಯುತ್ತದೆ. ಕೇರಳ ಸರ್ಕಾರವೂ 2022ರ ಆಗಸ್ಟ್ 17ರಂದು ತಿರುವನಂತಪುರದಲ್ಲಿ ಕೇರಳ ಸವಾರಿ ಎಂಬ ತನ್ನದೇ ಆ್ಯಪ್‌ಗೆ ಚಾಲನೆ ಕೊಟ್ಟಿತು. ಕಾಸರಗೋಡು ಪೇಟೆಯಲ್ಲಿ ನಿಂತು ಇವುಗಳಲ್ಲಿ ಯಾವುದನ್ನು ತೆರೆದರೂ ವಾಹನ ಕಾಣಿಸದಿರುವುದೇ ಹೆಚ್ಚು. ಮಂಗಳೂರಿನಲ್ಲಿ ಓಲಾ ಮತ್ತು ಉಬರ್ ಎರಡೂ ಸಿಗುತ್ತವೆ.

ಫೋನಿನ ತುಂಬ ಆ್ಯಪ್ ತುಂಬಿಸಿಕೊಳ್ಳುವ ಅಗತ್ಯವಿಲ್ಲ. ಮಂಗಳೂರಿಗೆ ಹೋಗಿ ಬರುವವರಿಗೆ ಎರಡು ಸಾಕು; ಒಂದರಲ್ಲಿ ವಾಹನ ಸಿಗದಿದ್ದಾಗ ಅಥವಾ ದರ ಹೆಚ್ಚೆನಿಸಿದಾಗ ಇನ್ನೊಂದನ್ನು ನೋಡಬಹುದು. ಬೆಂಗಳೂರಿನಲ್ಲಿ ರಿಕ್ಷಾಕ್ಕಾಗಿ ನಮ್ಮ ಯಾತ್ರಿ ಮೂರನೆಯದಾಗಿರಲಿ. ಎಲ್ಲವನ್ನೂ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದಲೇ ಇಳಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಕಳಿಸಿದ ಕೊಂಡಿಯಿಂದ ಕೂಡದು.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಖಾತೆ ತೆರೆಯುವಾಗ ಮೊಬೈಲ್ ಸಂಖ್ಯೆ ಕೊಡಬೇಕು, ಅದಕ್ಕೆ ಬರುವ ಒಟಿಪಿಯನ್ನು ನಮೂದಿಸಬೇಕು. ಈ ಸಂಖ್ಯೆಯೇ ಮುಂದೆ ನಿಮ್ಮ ಗುರುತಾಗುವುದರಿಂದ ಆಗಾಗ ಬದಲಿಸುವ ಸಿಮ್‌ನದ್ದನ್ನಾಗಲಿ, ರೀಚಾರ್ಜ್ ಇಲ್ಲದೆ ಬಿದ್ದಿರುವ ಸಿಮ್‌ನದ್ದನ್ನಾಗಲಿ ಕೊಡದೆ, ಬ್ಯಾಂಕಿಗೆ ಕೊಟ್ಟಿರುವ ಸಂಖ್ಯೆಯನ್ನೇ ಕೊಡುವುದು ಲೇಸು. ಇಮೇಲ್ ವಿಳಾಸವನ್ನೂ ಸೇರಿಸಿ ದೃಢಪಡಿಸಿಕೊಂಡರೆ ಫೋನ್ ಕಳೆದುಹೋದಾಗ ಖಾತೆಯನ್ನು ಮರಳಿ ಪಡೆಯಲು ದಾರಿ ಇರುತ್ತದೆ, ಪ್ರತಿ ಪ್ರಯಾಣದ ರಸೀದಿಯೂ ಅಲ್ಲಿಗೆ ಬರುತ್ತದೆ.

ಆ್ಯಪ್ ಲೊಕೇಶನ್ ನೋಡಲು ಅನುಮತಿ ಕೇಳಿದಾಗ ‘ಆ್ಯಪ್ ಬಳಸುವಾಗ ಮಾತ್ರ’ ಎಂಬ ಆಯ್ಕೆಯನ್ನು ಒತ್ತಬೇಕು. ನಿಖರ ಲೊಕೇಶನ್ ಎಂಬ ಸ್ವಿಚ್ ಇದ್ದರೆ ಅದು ಆನ್ ಆಗಿರಲಿ. ಇಲ್ಲದಿದ್ದರೆ ನೀವು ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತಿದ್ದರೂ ಆ್ಯಪ್ ನಿಮ್ಮನ್ನು ಎರಡು ರಸ್ತೆ ಆಚೆ ನಿಲ್ಲಿಸುತ್ತದೆ. ಸಂಪರ್ಕ ಪಟ್ಟಿ ನೋಡಲು ಅನುಮತಿ ಕೊಡದಿದ್ದರೆ ನಷ್ಟವೇನೂ ಇಲ್ಲ.

ಇನ್ನು ವಿಳಾಸ. ಪದೇ ಪದೇ ಹೋಗುವ ಸ್ಥಳಗಳನ್ನು ಮುಂಚಿತವಾಗಿಯೇ ಹುಡುಕಿ ಉಳಿಸಿಡಬೇಕು. ಗಡಿನಾಡಿನ ಊರುಗಳ ಹೆಸರುಗಳು ಕನ್ನಡದಲ್ಲೊಂದು ರೂಪದಲ್ಲಿ, ಮಲಯಾಳದಲ್ಲಿ ಇನ್ನೊಂದು ರೂಪದಲ್ಲಿ ಇರುವುದರಿಂದ ಮಂಜೇಶ್ವರ, ಕುಂಬಳೆ, ಬದಿಯಡ್ಕದಂತಹ ಹೆಸರುಗಳು ನಕ್ಷೆಯಲ್ಲಿ ಒಮ್ಮೆಗೇ ಸಿಗದೆ ಹೋಗಬಹುದು. ಹೆಸರು ಸಿಕ್ಕಿದರೂ ಊರಿನ ನಡುಮಧ್ಯಕ್ಕೆ ಗುರುತು ಬೀಳುತ್ತದೆ, ನಿಮ್ಮ ಮನೆ ಅಲ್ಲಿಂದ ಒಳರಸ್ತೆಯಲ್ಲಿ ದೂರವಿರುತ್ತದೆ. ಅದಕ್ಕೆ ಪರಿಹಾರ ಇಷ್ಟೆ: ಮನೆಯಂಗಳದಲ್ಲಿ ನಿಂತು ಗೂಗಲ್ ಮ್ಯಾಪ್‌ನಲ್ಲಿ ಆ ಬಿಂದುವನ್ನು ಉಳಿಸಿಕೊಳ್ಳುವುದು, ಆ್ಯಪ್‌ನಲ್ಲಿಯೂ ‘ಮನೆ’ ಎಂದು ಸೇರಿಸುವುದು. ಮಂಗಳೂರಿನಿಂದ ರಾತ್ರಿ ಮರಳುವಾಗ ದಾರಿ ಗೊತ್ತಿಲ್ಲದ ಚಾಲಕರಿಗೆ ಒಳರಸ್ತೆಯ ತಿರುವುಗಳನ್ನು ವಿವರಿಸುತ್ತ ಕೂರುವ ಕಷ್ಟ ಇದರಿಂದ ತಪ್ಪುತ್ತದೆ.

ಮಂಗಳೂರಿನಲ್ಲಿ ವಾಹನ ಕರೆಯುವುದು

ಒಂದು ಉದಾಹರಣೆಯನ್ನು ಹಿಡಿದು ನೋಡೋಣ. ಕಾಸರಗೋಡಿನಿಂದ ರೈಲಿನಲ್ಲಿ ಹೊರಟವರು ದೇರಳಕಟ್ಟೆಯ ಆಸ್ಪತ್ರೆಗೆ ಹೋಗಬೇಕಾಗಿದೆ. ಮೊದಲ ಪ್ರಶ್ನೆ, ಇಳಿಯುವುದು ಯಾವ ನಿಲ್ದಾಣದಲ್ಲಿ ಎಂಬುದು. ಪೇಟೆಯ ನಡುವಿನ ಮಂಗಳೂರು ಸೆಂಟ್ರಲ್‌ಗೆ ಎಲ್ಲ ರೈಲುಗಳೂ ಹೋಗುವುದಿಲ್ಲ; ಕೊಂಕಣ ಮಾರ್ಗದಲ್ಲಿ ಮುಂದೆ ಸಾಗುವ ಅನೇಕ ರೈಲುಗಳು ಪಡೀಲಿನ ಬಳಿಯ ಮಂಗಳೂರು ಜಂಕ್ಷನ್‌ನಲ್ಲಿ ನಿಂತು ಹಾಗೆಯೇ ಹೋಗುತ್ತವೆ. ಈ ಜಂಕ್ಷನ್‌ನ ಹಳೆಯ ಹೆಸರು ಕಂಕನಾಡಿ. ಹಳೆಯ ರೂಢಿಯಂತೆ ಆ್ಯಪ್‌ನಲ್ಲಿ ಕಂಕನಾಡಿ ಎಂದು ಬರೆದವರಿಗೆ ಮಾರುಕಟ್ಟೆಯ ಬಳಿಯ ಕಂಕನಾಡಿ ಸಿಗುತ್ತದೆ. ಕಾರು ಅಲ್ಲಿ ಬಂದು ನಿಲ್ಲುತ್ತದೆ, ಪ್ರಯಾಣಿಕರು ಇಲ್ಲಿ ನಿಂತಿರುತ್ತಾರೆ, ಇಬ್ಬರೂ ಫೋನಿನಲ್ಲಿ ‘ನಾನು ಸ್ಟೇಶನ್ ಎದುರೇ ಇದ್ದೇನೆ’ ಎನ್ನುತ್ತಾರೆ. ಆದುದರಿಂದ ಹೆಸರನ್ನು ನಂಬದೆ ನಕ್ಷೆಯ ಗುರುತನ್ನು ಬೆರಳಿನಿಂದ ಸರಿಸಿ, ನಿಲ್ದಾಣದ ಹೊರಬಾಗಿಲಿಗೆ ತಂದು ನಿಲ್ಲಿಸಬೇಕು.

ಪ್ಲಾಟ್‌ಫಾರಂನಲ್ಲಿ ಇರುವಾಗಲೇ ವಾಹನ ಕರೆಯುವುದು ಬೇಡ. ಲಗೇಜಿನೊಂದಿಗೆ ಮೇಲ್ಸೇತುವೆ ದಾಟಿ ಹೊರಗೆ ಬರುವಷ್ಟರಲ್ಲಿ ಚಾಲಕರು ಬಂದು ಕಾಯುವ ಅವಧಿ ಮುಗಿದು ಶುಲ್ಕ ಬೀಳಬಹುದು. ಹೊರಗೆ ಬಂದು, ವಾಹನ ನಿಲ್ಲಲು ಜಾಗವಿರುವ ಕಡೆ ನಿಂತ ಮೇಲೆ ಕರೆದರೆ ಸಾಕು.

ಪಿಕ್‌ಅಪ್ ಮತ್ತು ಡ್ರಾಪ್ ಸ್ಥಳ ಕೊಟ್ಟ ಬಳಿಕ ರಿಕ್ಷಾ, ಸಣ್ಣ ಕಾರು, ದೊಡ್ಡ ಕಾರು ಎಂದು ಸಾಲಾಗಿ ದರಗಳು ಕಾಣಿಸುತ್ತವೆ. ಮೇಲೆ ಕಾಣುವುದನ್ನೇ ಒತ್ತಿಬಿಡುವುದು ಸಾಮಾನ್ಯ ಅಭ್ಯಾಸ. ಕೆಳಗೆ ಸರಿಸಿ ಪೂರ್ತಿ ಪಟ್ಟಿಯನ್ನು ನೋಡಬೇಕು. ಮಳೆ ಬರುವಾಗ, ಶಾಲೆ ಬಿಡುವ ಹೊತ್ತಿನಲ್ಲಿ, ರೈಲು ಬಂದು ಜನರೆಲ್ಲ ಒಟ್ಟಿಗೆ ಕರೆಯುವಾಗ ದರ ಏರುತ್ತದೆ. ಕೇಂದ್ರ ಸರ್ಕಾರ 2025ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿಯು ಹೀಗೆ ಏರಿಸಬಹುದಾದ ಮಿತಿಯನ್ನು ಮೂಲ ದರದ ಎರಡು ಪಟ್ಟು ಎಂದು ಇಟ್ಟಿದೆ; ಅದನ್ನು ಜಾರಿಗೆ ತರುವುದು ಆಯಾ ರಾಜ್ಯಗಳ ಕೈಯಲ್ಲಿದೆ. ಅವಸರವಿಲ್ಲದಿದ್ದರೆ ಒಂದು ಚಹಾ ಕುಡಿದು ಮತ್ತೆ ನೋಡಿದಾಗ ದರ ಇಳಿದಿರುವುದುಂಟು.

ಆಸ್ಪತ್ರೆಯಲ್ಲಿ ತಪಾಸಣೆ ಮುಗಿಸಿ, ಔಷಧಿ ಕೊಂಡು, ಇನ್ನೊಬ್ಬ ವೈದ್ಯರನ್ನು ಕಂಡು, ನೆಂಟರ ಮನೆಗೆ ಹೋಗಿ ಮರಳುವ ಯೋಜನೆ ಇದ್ದರೆ ಪ್ರತಿ ಸಲವೂ ಹೊಸದಾಗಿ ಕರೆಯುವುದಕ್ಕಿಂತ ರೆಂಟಲ್ ಎಂಬ ಆಯ್ಕೆ ವಾಸಿ. ಇಷ್ಟು ಗಂಟೆ, ಇಷ್ಟು ಕಿಲೋಮೀಟರ್ ಎಂದು ಮೊದಲೇ ಗೊತ್ತುಪಡಿಸಿದ ಮೊತ್ತಕ್ಕೆ ಕಾರು ನಿಮ್ಮ ಜತೆಗೇ ಇರುತ್ತದೆ. ನಡೆಯಲು ಕಷ್ಟಪಡುವ ಹಿರಿಯರನ್ನು ಕರೆದೊಯ್ಯುವಾಗ ಇದರಷ್ಟು ಅನುಕೂಲದ್ದು ಬೇರಿಲ್ಲ ಎಂಬುದು ನನ್ನ ಅಭಿಪ್ರಾಯ.

ಚಾಲಕರ ಕರೆ

ವಾಹನ ಗೊತ್ತಾದ ಕೂಡಲೇ ಚಾಲಕರಿಂದ ಕರೆ ಬರುತ್ತದೆ. ‘ಸರ್, ಡ್ರಾಪ್ ಎಲ್ಲಿಗೆ? ಕ್ಯಾಶಾ, ಆನ್‌ಲೈನಾ?’ ಎಂಬುದು ಸಾಮಾನ್ಯವಾದ ಪ್ರಶ್ನೆ. ಉತ್ತರ ಹಿಡಿಸದಿದ್ದರೆ ಕೆಲವರು ಬರುವುದಿಲ್ಲವೆಂದು ಹೇಳದೆ ಇದ್ದಲ್ಲೇ ನಿಲ್ಲುತ್ತಾರೆ; ಪರದೆಯ ಮೇಲಿನ ಕಾರು ಅಲುಗಾಡುವುದಿಲ್ಲ. ಬೇಸತ್ತು ನೀವೇ ರದ್ದು ಮಾಡಲಿ ಎಂಬುದು ಅದರ ಹಿಂದಿನ ಲೆಕ್ಕ, ಏಕೆಂದರೆ ರದ್ದು ಮಾಡಿದವರ ತಲೆಗೆ ಶುಲ್ಕ ಬೀಳುತ್ತದೆ. ಆಗ ಆ್ಯಪ್‌ನ ಒಳಗಿನ ಸಂದೇಶದಲ್ಲಿ ‘ಬರುತ್ತೀರಾ?’ ಎಂದು ಬರೆದು ಕೇಳಬೇಕು, ಉತ್ತರ ಬಾರದಿದ್ದರೆ ರದ್ದತಿಗೆ ಕಾರಣ ಕೇಳುವಲ್ಲಿ ಚಾಲಕರು ಬರಲಿಲ್ಲ ಅಥವಾ ರದ್ದು ಮಾಡಲು ಹೇಳಿದರು ಎಂಬುದನ್ನೇ ಆರಿಸಬೇಕು. ಮೇಲೆ ಹೇಳಿದ ಮಾರ್ಗಸೂಚಿಯಂತೆ ಸಕಾರಣವಿಲ್ಲದೆ ರದ್ದು ಮಾಡಿದರೆ ದರದ ಶೇಕಡಾ 10ರಷ್ಟು, ಹೆಚ್ಚೆಂದರೆ 100 ರೂಪಾಯಿ ದಂಡ ವಿಧಿಸಬಹುದು. ಇದು ಪ್ರಯಾಣಿಕರಿಗೆ ಮಾತ್ರವಲ್ಲ, ಚಾಲಕರಿಗೂ ಅನ್ವಯಿಸುತ್ತದೆ. ‘ಆ್ಯಪ್‌ನಲ್ಲಿ ಕ್ಯಾನ್ಸಲ್ ಮಾಡಿ, ನಾನು ಹಾಗೆಯೇ ಬಿಡುತ್ತೇನೆ’ ಎಂದರೆ ಒಪ್ಪಬಾರದು. ಆ ಕ್ಷಣದಿಂದ ನೀವು ಯಾವ ವಾಹನದಲ್ಲಿ ಇದ್ದೀರಿ ಎಂಬ ದಾಖಲೆ ಎಲ್ಲಿಯೂ ಉಳಿಯುವುದಿಲ್ಲ.

ವಾಹನ ಎದುರು ಬಂದು ನಿಂತಾಗ ಮೊದಲು ನೋಡಬೇಕಾದದ್ದು ನಂಬರ್ ಪ್ಲೇಟ್. ಬಾಡಿಗೆ ವಾಹನಕ್ಕೆ ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ, ಬಾಡಿಗೆಯ ವಿದ್ಯುತ್ ವಾಹನಕ್ಕೆ ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರ. ಬಿಳಿ ಪ್ಲೇಟಿನ ಕಾರು ಖಾಸಗಿಯದು. ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ನೋಡುವ ಬದಲು ಪೂರ್ತಿ ಸಂಖ್ಯೆಯನ್ನು ಪರದೆಯ ಮೇಲಿನದ್ದಕ್ಕೆ ಹೋಲಿಸಬೇಕು. ಆಮೇಲೆ ಚಾಲಕರೇ ನಿಮ್ಮ ಹೆಸರನ್ನು ಹೇಳಲಿ. ‘ನೀವು ಇಂಥವರಿಗೆ ಬಂದದ್ದಾ?’ ಎಂದು ನಿಮ್ಮ ಹೆಸರನ್ನು ನೀವೇ ಹೇಳಿಕೊಟ್ಟರೆ ಯಾರು ಬೇಕಾದರೂ ಹೌದು ಎನ್ನಬಹುದು. ಪ್ರಯಾಣ ಆರಂಭಿಸಲು ಆ್ಯಪ್ ತೋರಿಸುವ ಒಟಿಪಿ ಅಥವಾ ಪಿನ್ ಹೇಳುವುದು ಕುಳಿತ ನಂತರವೇ. ವಾಹನ ಹೊರಟ ಮೇಲೆ ಪ್ರಯಾಣದ ವಿವರವನ್ನು ಮನೆಯವರಿಗೆ ಕಳಿಸುವ ಗುಂಡಿ ಒತ್ತಿದರೆ ಅವರು ತಮ್ಮ ಫೋನಿನಲ್ಲಿ ನಕ್ಷೆಯ ಮೇಲೆ ನಿಮ್ಮನ್ನು ಹಿಂಬಾಲಿಸಬಹುದು. ಅಪಾಯವೆನಿಸಿದರೆ ಆ್ಯಪ್‌ನ ತುರ್ತು ಗುಂಡಿ ಇದೆ, ಅದು ಸಿಗದಿದ್ದರೆ 112 ಇದೆ.

ಗಡಿ ದಾಟುವ ಬಾಡಿಗೆ

ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿ ದಾಟಿದರೆ ರಾಜ್ಯ ಬದಲಾಗುತ್ತದೆ. ನಮಗೆ ಇದು ದಿನನಿತ್ಯದ ಓಡಾಟ, ಆದರೆ ಬಾಡಿಗೆ ವಾಹನದ ಮಟ್ಟಿಗೆ ಅಂತಾರಾಜ್ಯ ಪ್ರಯಾಣ. ಕರ್ನಾಟಕದ ಪರವಾನಗಿ ಮಾತ್ರ ಇರುವ ಕಾರು ಕೇರಳದೊಳಗೆ ಬರಬೇಕಾದರೆ ಪ್ರತ್ಯೇಕ ಪರವಾನಗಿ ಮತ್ತು ತೆರಿಗೆಯ ವ್ಯವಸ್ಥೆ ಬೇಕು. ಅಖಿಲ ಭಾರತ ಪ್ರವಾಸಿ ಪರವಾನಗಿ ಇರುವ ಕಾರಿಗೆ ಆ ತೊಡಕಿಲ್ಲ. ಜತೆಗೆ ಮರಳುವಾಗ ಖಾಲಿ ಹೋಗಬೇಕೆಂಬ ಚಿಂತೆ. ನಗರದೊಳಗಿನ ಸೇವೆಯಲ್ಲಿ ಮಂಜೇಶ್ವರ, ಉಪ್ಪಳ ಎಂದು ಡ್ರಾಪ್ ಕೊಟ್ಟವರ ಬಾಡಿಗೆ ಒಂದರ ಮೇಲೊಂದು ರದ್ದಾಗುವುದರ ಹಿಂದಿನ ಕಾರಣ ಚಾಲಕರ ಮೊಂಡುತನವಷ್ಟೇ ಅಲ್ಲ.

ಆದುದರಿಂದ ಗಡಿ ದಾಟುವುದಿದ್ದರೆ ಓಲಾದಲ್ಲಿ ಔಟ್‌ಸ್ಟೇಶನ್, ಉಬರ್‌ನಲ್ಲಿ ಇಂಟರ್‌ಸಿಟಿ ಎಂಬ ವಿಭಾಗವನ್ನೇ ತೆರೆಯಬೇಕು. ಒಂದು ಬದಿಯ ಪ್ರಯಾಣವೋ ಹೋಗಿ ಬರುವುದೋ ಎಂದು ಅಲ್ಲಿ ಕೇಳುತ್ತದೆ. ತೋರಿಸುವ ಮೊತ್ತದಲ್ಲಿ ಟೋಲ್ ಮತ್ತು ರಾಜ್ಯದ ತೆರಿಗೆ ಸೇರಿದೆಯೇ ಎಂಬುದನ್ನು ವಿವರದ ಗುರುತು ಒತ್ತಿ ಓದಬೇಕು. ತಲಪಾಡಿಯ ಟೋಲ್ ಗೇಟಿನ ಎದುರು ಚಾಲಕರೊಂದಿಗೆ ಚರ್ಚೆಗಿಳಿಯುವುದು ಯಾರಿಗೂ ಹಿತವಲ್ಲ. ಬುಕ್ ಆದ ಕೂಡಲೇ ಚಾಲಕರಿಗೆ ಕರೆ ಮಾಡಿ ‘ಕೇರಳಕ್ಕೆ ಬರಲು ಪರ್ಮಿಟ್ ಇದೆಯಲ್ಲ?’ ಎಂದು ಕೇಳಿಕೊಳ್ಳುವುದು ಜಾಣತನ.

ರಿಕ್ಷಾದಲ್ಲಿ ಗಡಿ ದಾಟುವ ಯೋಚನೆಯನ್ನೇ ಮಾಡಬೇಡಿ. ತಲಪಾಡಿಯವರೆಗೆ ಒಂದು ವಾಹನ, ಅಲ್ಲಿಂದ ಈಚೆಗೆ ಬಸ್ಸು ಅಥವಾ ಕಾಸರಗೋಡಿನ ರಿಕ್ಷಾ ಎಂದು ಲೆಕ್ಕ ಹಾಕಿದರೆ ಖರ್ಚೂ ಕಡಿಮೆ. ಕೇರಳದಲ್ಲಿ 2022ರ ಮೇ 1ರಿಂದ ಜಾರಿಗೆ ಬಂದ ದರದಂತೆ ರಿಕ್ಷಾಕ್ಕೆ ಮೊದಲ ಒಂದೂವರೆ ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 15 ರೂಪಾಯಿ. ಆ್ಯಪ್ ಇಲ್ಲದಿದ್ದರೂ ಬಾಡಿಗೆಯನ್ನು ಅಂದಾಜು ಮಾಡಲು ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ನಸುಕಿನ ವಿಮಾನವಿದ್ದು ಕಾಸರಗೋಡಿನ ಒಳನಾಡಿನಿಂದ ಮಂಗಳೂರು ವಿಮಾನ ನಿಲ್ದಾಣಕ್ಕೋ ಕಣ್ಣೂರು ವಿಮಾನ ನಿಲ್ದಾಣಕ್ಕೋ ಹೋಗಬೇಕಾದವರು ಆ್ಯಪ್ ನೆಚ್ಚಿಕೊಳ್ಳಬಾರದು. ಮುಂಗಡ ಬುಕಿಂಗ್ ಎಂಬ ಆಯ್ಕೆ ಇದ್ದರೂ, ರಾತ್ರಿ ಎರಡು ಗಂಟೆಗೆ ನೀರ್ಚಾಲು ಅಥವಾ ಮುಳ್ಳೇರಿಯಕ್ಕೆ ಬರಲು ಒಪ್ಪುವ ಕಾರು ಹತ್ತಿರದಲ್ಲಿ ಇರಬೇಕಲ್ಲ! ಇಲ್ಲಿ ಊರಿನ ಟ್ಯಾಕ್ಸಿಯವರೇ ಸೈ.

ಮನೆಯವರಿಗಾಗಿ ದೂರದಿಂದ ಕರೆಯುವುದು

ಗಲ್ಫ್‌ನಲ್ಲಿರುವ ಮಕ್ಕಳು ಊರಿನ ಹಿರಿಯರಿಗಾಗಿ ವಾಹನ ಕರೆದು ಕೊಡುವುದು ಈಗ ಸಾಮಾನ್ಯವಾಗುತ್ತಿದೆ. ಉಬರ್‌ನಲ್ಲಿ ಪಿಕ್‌ಅಪ್ ಸ್ಥಳವನ್ನು ಬದಲಿಸಿ, ಪ್ರಯಾಣಿಸುವವರು ಬೇರೆಯವರು ಎಂದು ಆರಿಸಿ, ಅವರ ಹೆಸರು ಮತ್ತು ಫೋನ್ ಸಂಖ್ಯೆ ಕೊಟ್ಟರೆ ವಾಹನದ ವಿವರ ಸಂದೇಶವಾಗಿ ಅವರಿಗೇ ಹೋಗುತ್ತದೆ. ಚಾಲಕರ ಕರೆಯೂ ಅವರಿಗೇ ಬರುವುದರಿಂದ ಅಪರಿಚಿತ ಸಂಖ್ಯೆಯ ಕರೆಯನ್ನು ಆ ಹೊತ್ತಿಗೆ ಸ್ವೀಕರಿಸುವಂತೆ ಅವರಿಗೆ ಮೊದಲೇ ತಿಳಿಸಬೇಕು. ಹಣವನ್ನು ಇಲ್ಲಿಯೇ ನಗದಾಗಿ ಕೊಡುವುದೋ, ಅಲ್ಲಿಂದಲೇ ಪಾವತಿಯಾಗುವುದೋ ಎಂಬುದನ್ನೂ ಅವರಿಗೆ ಹೇಳಿರಬೇಕು. ಇಲ್ಲವಾದರೆ ಒಂದೇ ಪ್ರಯಾಣಕ್ಕೆ ಎರಡು ಕಡೆಯಿಂದ ಹಣ ಹೋಗುತ್ತದೆ.

ಊರಿನಲ್ಲಿ ಹಣ ಕೊಡುವ ಬಗೆ

ಕಾರುಗಳಿಗೆ ಕಾರ್ಡ್, ಯುಪಿಐ, ನಗದು ಎಲ್ಲವೂ ನಡೆಯುತ್ತದೆ. ರಿಕ್ಷಾದ ವಿಷಯ ಬೇರೆ. ಉಬರ್ 2025ರ ಫೆಬ್ರವರಿಯಿಂದ ಭಾರತದಲ್ಲಿ ರಿಕ್ಷಾ ಬಾಡಿಗೆಯ ಹಣವನ್ನು ತಾನು ಪಡೆಯುವುದನ್ನು ನಿಲ್ಲಿಸಿದೆ. ಪರದೆಯ ಮೇಲಿನ ದರ ಸೂಚನೆ ಮಾತ್ರ, ಹಣವನ್ನು ನಗದಾಗಿಯೋ ಚಾಲಕರ ಯುಪಿಐಗೋ ನೇರವಾಗಿ ಕೊಡಬೇಕು. ಹಾಗಾಗಿ ರಿಕ್ಷಾ ಹತ್ತುವ ಮೊದಲೇ ಮೊತ್ತವನ್ನು ಬಾಯಿಮಾತಿನಲ್ಲಿ ಖಚಿತಪಡಿಸಿಕೊಳ್ಳಿ. ಚಿಲ್ಲರೆ ನೋಟುಗಳು ಕೈಯಲ್ಲಿರಲಿ.

ವಿದೇಶಕ್ಕೆ ಹೊರಡುವ ಮೊದಲು

ಊರಿನಲ್ಲಿ ಯುಪಿಐ ಎಷ್ಟು ಅಭ್ಯಾಸವಾಗಿದೆಯೆಂದರೆ ಅದು ಇಲ್ಲದ ಕಡೆ ಹೋಗುತ್ತಿದ್ದೇವೆ ಎಂಬುದೇ ಮರೆತುಹೋಗುತ್ತದೆ. ಯುಎಇ, ಸಿಂಗಾಪುರ, ಫ್ರಾನ್ಸ್, ಶ್ರೀಲಂಕಾ ಮೊದಲಾದ ಕಡೆ ಕೆಲವು ಅಂಗಡಿಗಳಲ್ಲಿ ಯುಪಿಐ ಸ್ವೀಕರಿಸುತ್ತಾರೆ ಎಂಬುದು ನಿಜವಾದರೂ, ಅಲ್ಲಿನ ಟ್ಯಾಕ್ಸಿ ಆ್ಯಪ್‌ಗೆ ಬೇಕಾಗುವುದು ವೀಸಾ ಅಥವಾ ಮಾಸ್ಟರ್‌ಕಾರ್ಡ್. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ವಿದೇಶದ ಬಳಕೆ ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಅದನ್ನು ತೆರೆದು ಮಿತಿ ನಿಗದಿಪಡಿಸಬೇಕು. ವಿದೇಶಿ ಹಣದ ವಹಿವಾಟಿಗೆ ಬ್ಯಾಂಕು ಪ್ರತ್ಯೇಕ ಶುಲ್ಕ ಹಿಡಿಯುವುದರಿಂದ ಅಲ್ಲಿನ ಬಾಡಿಗೆಯನ್ನು ರೂಪಾಯಿಗೆ ತಿರುಗಿಸಿದಾಗ ಸ್ವಲ್ಪ ಹೆಚ್ಚಾಗಿಯೇ ಕಾಣುತ್ತದೆ. ಕಾರ್ಡನ್ನು ಆ್ಯಪ್‌ಗೆ ಸೇರಿಸುವ ಕೆಲಸವನ್ನು ಊರಿನಲ್ಲಿರುವಾಗಲೇ ಮುಗಿಸಿಬಿಡಿ, ಒಟಿಪಿ ತೊಂದರೆಯಿಲ್ಲದೆ ಬರುವುದು ಇಲ್ಲಿಯೇ.

ಎರಡನೆಯದು ಸಿಮ್. ಅಲ್ಲಿ ಇಳಿದ ಕೂಡಲೇ ನಮ್ಮ ಸಿಮ್ ತೆಗೆದು ಪರ್ಸಿನಲ್ಲಿಟ್ಟು ಅಲ್ಲಿನ ಸಿಮ್ ಹಾಕಿಕೊಂಡವರಿಗೆ ಬ್ಯಾಂಕಿನ ಒಟಿಪಿ ಬರುವುದಿಲ್ಲ. ಎರಡು ಸಿಮ್ ಹಿಡಿಯುವ ಫೋನಿನಲ್ಲಿ ಊರಿನ ಸಿಮ್ ಅನ್ನು ಅಂತಾರಾಷ್ಟ್ರೀಯ ರೋಮಿಂಗ್‌ನೊಂದಿಗೆ ಹಾಗೆಯೇ ಉಳಿಸಿ, ಅದರ ಡೇಟಾವನ್ನು ಮಾತ್ರ ಬಂದ್ ಮಾಡಿ, ಇಂಟರ್‌ನೆಟ್‌ಗೆ ಅಲ್ಲಿನ ಸಿಮ್ ಅಥವಾ ಇ-ಸಿಮ್ ಬಳಸಬೇಕು. ರೋಮಿಂಗ್‌ನಲ್ಲಿ ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ. ಊರಿನ ಸಂಖ್ಯೆಯಲ್ಲಿ ತೆರೆದ ಉಬರ್ ಖಾತೆ ಆ ಕಂಪನಿಯ ಸೇವೆ ಇರುವ ಎಲ್ಲ ದೇಶಗಳಲ್ಲಿಯೂ ನಡೆಯುತ್ತದೆ, ಹೊಸ ಖಾತೆ ಬೇಕಾಗಿಲ್ಲ. ಓಲಾ ಮಾತ್ರ ಭಾರತಕ್ಕೇ ಸೀಮಿತ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನಡೆಸುತ್ತಿದ್ದ ಸೇವೆಯನ್ನು ಅದು 2024ರಲ್ಲಿ ಮುಚ್ಚಿತು.

ಮೂರನೆಯದಾಗಿ, ಹೋಗಬೇಕಾದ ಮನೆಯ ಲೊಕೇಶನ್ ಅನ್ನು ಅಲ್ಲಿರುವವರಿಂದ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ಉಳಿಸಬೇಕು, ಇಂಟರ್‌ನೆಟ್ ಸಿಗದಿದ್ದರೆ ಬೇಕಾಗುತ್ತದೆಂದು ವಿಳಾಸವನ್ನು ಕಾಗದದಲ್ಲಿಯೂ ಬರೆದುಕೊಳ್ಳಬೇಕು. ದುಬೈಯ ಪ್ರತಿ ಕಟ್ಟಡದ ಬಾಗಿಲಲ್ಲಿ ಮಕಾನಿ ಎಂಬ 10 ಅಂಕಿಗಳ ಸಂಖ್ಯೆ ಇರುತ್ತದೆ. ಕತಾರಿನಲ್ಲಿ ವಲಯ, ಬೀದಿ, ಕಟ್ಟಡ ಎಂಬ ಮೂರು ಸಂಖ್ಯೆಗಳ ನೀಲಿ ಫಲಕ. ಸೌದಿಯಲ್ಲಿ ನಾಲ್ಕು ಅಕ್ಷರ ಮತ್ತು ನಾಲ್ಕು ಅಂಕಿಗಳ ಕಿರು ವಿಳಾಸ. ‘ದೊಡ್ಡ ಮಸೀದಿಯ ಹಿಂದಿನ ಬಿಲ್ಡಿಂಗ್’ ಎಂಬ ವಿವರಣೆಗಿಂತ ಇವು ಎಷ್ಟೋ ಮೇಲು.

ಗಲ್ಫ್ ದೇಶಗಳಲ್ಲಿ

ದುಬೈಯಲ್ಲಿ 2012ರಲ್ಲಿ ಹುಟ್ಟಿದ ಕರೀಮ್‌ನ ಪ್ರಯಾಣ ವ್ಯವಹಾರವನ್ನು ಉಬರ್ 2020ರಲ್ಲಿ ಕೊಂಡಿತು, ಆದರೂ ಎರಡೂ ಆ್ಯಪ್‌ಗಳು ಬೇರೆಬೇರೆಯಾಗಿಯೇ ಇವೆ. ಕರೀಮ್‌ನಲ್ಲಿ ಹಲಾ ಎಂಬುದನ್ನು ಆರಿಸಿದರೆ ಬರುವುದು ದುಬೈಯ ಮಾಮೂಲು ಮೀಟರ್ ಟ್ಯಾಕ್ಸಿ. ಪರದೆಯಲ್ಲಿ ಕಾಣುವುದು ಅಂದಾಜು, ಕೊಡಬೇಕಾದದ್ದು ಮೀಟರ್ ತೋರಿಸಿದಷ್ಟು. ಕಪ್ಪು ಬಣ್ಣದ ದೊಡ್ಡ ಕಾರುಗಳ ವಿಭಾಗವನ್ನು ಅರಿಯದೆ ಒತ್ತಿದರೆ ದುಬಾರಿಯಾಗುತ್ತದೆ. ಸಾಲಿಕ್ ಎಂಬ ಟೋಲ್ ದ್ವಾರದಲ್ಲಿ ಕಾರು ನಿಲ್ಲುವುದೇ ಇಲ್ಲವಾದ್ದರಿಂದ ಟೋಲ್ ಕಟ್ಟಿದ್ದು ಗೊತ್ತಾಗುವುದಿಲ್ಲ, ಬಿಲ್ಲಿನಲ್ಲಿ ಸೇರಿರುತ್ತದೆ. ದುಬೈ ಟ್ಯಾಕ್ಸಿ ಶಾರ್ಜಾಕ್ಕೆ ಹೋದರೆ 20 ದಿರ್ಹಮ್ ಹೆಚ್ಚುವರಿ. ತಲಪಾಡಿ ದಾಟಿ ಓಡಾಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ವಿಮಾನ ನಿಲ್ದಾಣದಿಂದ ಹತ್ತಿದರೆ ಮೀಟರ್ ಆರಂಭವಾಗುವುದೇ 25 ದಿರ್ಹಮ್‌ನಿಂದ. ದುಬೈ ನಿಲ್ದಾಣದ 2ನೇ ಟರ್ಮಿನಲ್ ಉಳಿದ ಎರಡರಿಂದ ರನ್‌ವೇಯ ಆಚೆ ಬದಿಗಿದೆ. ಟಿಕೆಟಿನಲ್ಲಿ ಟರ್ಮಿನಲ್ ಯಾವುದೆಂದು ನೋಡದೆ ವಾಹನ ಕರೆಯಬಾರದು, ಕರೆಯಲು ಬರುವ ನೆಂಟರಿಗೂ ಅದನ್ನೇ ತಿಳಿಸಬೇಕು. ಗುಲಾಬಿ ಬಣ್ಣದ ಮಾಡು ಇರುವ ಟ್ಯಾಕ್ಸಿಯನ್ನು ಮಹಿಳೆಯರೇ ಓಡಿಸುತ್ತಾರೆ, ಅದು ಮಹಿಳೆಯರಿಗೆ ಮತ್ತು ಕುಟುಂಬಗಳಿಗೆ ಮೀಸಲು.

ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಊರಿನ ಅಭ್ಯಾಸದಿಂದ ಎಡಬದಿಯಲ್ಲಿ ನಿಂತು ಕಾದರೆ ಕಾರು ಎದುರು ಬದಿಯಲ್ಲಿ ಬಂದು ನಿಲ್ಲುತ್ತದೆ. ಸಣ್ಣ ಬೀದಿಯಾದರೆ ದಾಟಬಹುದು. ಶೇಖ್ ಝಾಯೆದ್ ರಸ್ತೆಯಂತಹ ಹೆದ್ದಾರಿಯನ್ನು ನಡೆದು ದಾಟಲು ಮೆಟ್ರೊ ನಿಲ್ದಾಣದ ಮೇಲ್ಸೇತುವೆಯೇ ಗತಿ. ಪಿಕ್‌ಅಪ್ ಗುರುತನ್ನು ನೀವು ನಿಂತಿರುವ ಬದಿಗೇ ಸರಿಸಿ ಇಡುವುದು ಇಂತಹ ಕಡೆ ತೀರಾ ಅಗತ್ಯ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ನಿರ್ಬಂಧವಿದೆ, ಸಂದೇಶ ಮತ್ತು ಲೊಕೇಶನ್ ಕಳಿಸಲು ಅಡ್ಡಿಯಿಲ್ಲ. ಚಾಲಕರೊಂದಿಗೆ ಮಾತಾಡಲು ಆ್ಯಪ್‌ನ ಒಳಗಿನ ಸಂದೇಶವನ್ನು ಬಳಸಬಹುದು. ಅಲ್ಲಿ ಹಿಂದಿ, ಉರ್ದು ಬಲ್ಲ ಚಾಲಕರು ಬೇಕಾದಷ್ಟು ಸಿಗುತ್ತಾರೆ, ಮಲಯಾಳ ಬಲ್ಲವರೂ ಇದ್ದಾರೆ. ನಮ್ಮವರಿಗೆ ಮಾತಿನ ತೊಂದರೆ ಕಡಿಮೆ.

ಕತಾರಿನಲ್ಲಿ ಉಬರ್ ಮತ್ತು ಅಲ್ಲಿನ ಸರ್ಕಾರಿ ಸಂಸ್ಥೆಯ ಕರ್ವಾ, ಸೌದಿಯಲ್ಲಿ ಉಬರ್, ಕರೀಮ್ ಇವೆ. ಒಮಾನಿನಲ್ಲಿ ಉಬರ್ ಇಲ್ಲ, ಅಲ್ಲಿಯದೇ ಆದ ಒಟ್ಯಾಕ್ಸಿಯನ್ನು ಇಳಿಸಿಕೊಳ್ಳಬೇಕು.

ಇತರ ದೇಶಗಳಲ್ಲಿ

ಆಗ್ನೇಯ ಏಷ್ಯಾದಲ್ಲಿ ಉಬರ್ ತೆರೆದು ಕಾಯಬೇಡಿ. 2018ರಲ್ಲಿ ಅದು ಅಲ್ಲಿನ ವ್ಯವಹಾರವನ್ನು ಗ್ರ್ಯಾಬ್‌ಗೆ ಮಾರಿತು. ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ, ಇಂಡೋನೇಷ್ಯಾಗಳಲ್ಲಿ ಗ್ರ್ಯಾಬ್ ಒಂದೇ ಸಾಕಾಗುತ್ತದೆ. ಮೊಮ್ಮಕ್ಕಳನ್ನು ಕರೆದುಕೊಂಡು ಸಿಂಗಾಪುರದಲ್ಲಿ ಓಡಾಡುವವರು ಒಂದು ನಿಯಮವನ್ನು ತಿಳಿದಿರಬೇಕು: 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಆ್ಯಪ್‌ನ ಖಾಸಗಿ ಬಾಡಿಗೆ ಕಾರಿನಲ್ಲಿ ಮಕ್ಕಳ ಆಸನ ಕಡ್ಡಾಯ, ಮಡಿಲಲ್ಲಿ ಕೂರಿಸಿಕೊಳ್ಳಲು ಚಾಲಕರು ಒಪ್ಪುವುದಿಲ್ಲ. ಟ್ಯಾಕ್ಸಿಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ, ಆದುದರಿಂದ ಪಟ್ಟಿಯಲ್ಲಿ ಟ್ಯಾಕ್ಸಿಯನ್ನೇ ಆರಿಸಿದರೆ ಆಯಿತು.

ಚೀನಾದಲ್ಲಿ ದೀದಿ, ಶ್ರೀಲಂಕಾದಲ್ಲಿ ಪಿಕ್‌ಮಿ, ನೇಪಾಳದಲ್ಲಿ ಪಠಾವೊ, ಬ್ರಿಟನ್ನಿನಲ್ಲಿ ಉಬರ್ ಮತ್ತು ಬೋಲ್ಟ್. ಅಮೆರಿಕದಲ್ಲಿ ಉಬರ್ ಮತ್ತು ಲಿಫ್ಟ್ ಎರಡೂ ಇದ್ದು, ಪ್ರಯಾಣದ ಕೊನೆಗೆ ಆ್ಯಪ್ ಟಿಪ್ಸ್ ಕೇಳುತ್ತದೆ. ಕೊಡುವುದು ಅಲ್ಲಿನ ರೂಢಿ, ಕಡ್ಡಾಯವಲ್ಲ. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಆ್ಯಪ್ ವಾಹನಗಳಿಗೆ ಪ್ರತ್ಯೇಕ ಜಾಗವಿರುತ್ತದೆ. ಹೊರಬಾಗಿಲಲ್ಲಿ ನಿಂತು ಕಾಯದೆ ಪರದೆ ತೋರಿಸುವ ಬಾಗಿಲ ಸಂಖ್ಯೆಯನ್ನು ಹುಡುಕಿಕೊಂಡು ಹೋಗಬೇಕು. ‘ಉಬರ್, ಉಬರ್’ ಎನ್ನುತ್ತ ತಾವಾಗಿ ಹತ್ತಿರ ಬರುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರ ಹಿಂದೆ ಹೋಗಬೇಡಿ.

ತಕರಾರು ಮತ್ತು ಮರೆತ ಸಾಮಾನು

ದರ ಹೆಚ್ಚಾದರೆ, ದಾರಿ ಸುತ್ತಿಸಿದರೆ, ಬಾರದ ವಾಹನಕ್ಕೆ ಹಣ ಕಡಿತವಾದರೆ ಆ್ಯಪ್‌ನಲ್ಲಿ ಹಿಂದಿನ ಪ್ರಯಾಣಗಳ ಪಟ್ಟಿಯಿಂದ ಆ ಪ್ರಯಾಣವನ್ನು ತೆರೆದು ಅಲ್ಲಿಯೇ ದೂರು ಬರೆಯಬೇಕು. ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕುವುದು ಅಪಾಯ. ಅಲ್ಲಿ ಸಿಗುವ ಅನೇಕ ಸಂಖ್ಯೆಗಳು ವಂಚಕರವು. ಹಣ ಮರಳಿಸುತ್ತೇವೆಂದು ಹೇಳಿ ಫೋನಿನ ಪರದೆಯನ್ನು ಹಂಚುವ ಆ್ಯಪ್ ಹಾಕಿಸುತ್ತಾರೆ, ಅಥವಾ ಯುಪಿಐ ಪಿನ್ ಒತ್ತಲು ಹೇಳುತ್ತಾರೆ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಹಾಗೆ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು.

ಬ್ಯಾಗ್, ಫೋನ್, ಆಸ್ಪತ್ರೆಯ ಫೈಲು ವಾಹನದಲ್ಲಿ ಉಳಿದರೆ ಅದೇ ಪಟ್ಟಿಯಲ್ಲಿ ಮರೆತ ವಸ್ತು ಎಂಬ ಆಯ್ಕೆಯಿಂದ ಚಾಲಕರನ್ನು ಸಂಪರ್ಕಿಸಬಹುದು. ಫೋನೇ ಉಳಿದಿದ್ದರೆ ಬೇರೊಬ್ಬರ ಫೋನಿನಲ್ಲಿ ಉಬರ್ ಜಾಲತಾಣಕ್ಕೆ ನಿಮ್ಮ ಖಾತೆಯಿಂದ ಪ್ರವೇಶಿಸಿಯೂ ಇದನ್ನು ಮಾಡಬಹುದು. ಮಂಗಳೂರಿನ ಚಾಲಕರು ಫೈಲು ತಲುಪಿಸಲು ಮತ್ತೆ ಬರಬೇಕಾದರೆ ಬಂದು ಹೋಗುವ ಖರ್ಚನ್ನು ಕೊಡುವುದು ನ್ಯಾಯ. ಅವರ ಆ ಹೊತ್ತಿನ ದುಡಿಮೆ ಅದರಲ್ಲಿ ಹೋಗಿರುತ್ತದೆ. ದುಬೈಯಲ್ಲಿ ಟ್ಯಾಕ್ಸಿಯಲ್ಲಿ ಮರೆತದ್ದಕ್ಕೆ ಅಲ್ಲಿನ ರಸ್ತೆ ಸಾರಿಗೆ ಪ್ರಾಧಿಕಾರದ 800 9090 ಸಂಖ್ಯೆಗೆ ಕರೆ ಮಾಡಿ ಹತ್ತಿದ ಸ್ಥಳ, ಹೊತ್ತು ಮತ್ತು ಟ್ಯಾಕ್ಸಿಯ ಸಂಖ್ಯೆಯನ್ನು ಹೇಳಬೇಕು. ಆ ಸಂಖ್ಯೆ ರಸೀದಿಯಲ್ಲಿ ಇರುತ್ತದೆ, ರಸ್ತೆಯಲ್ಲಿ ಕೈ ತೋರಿಸಿ ಹತ್ತಿದವರು ಇಳಿಯುವಾಗ ಅದನ್ನು ಕೇಳಿ ಪಡೆಯಬೇಕು.